ಎರೆಭೂತದ ಕಾವಲು

ಸಿರುಗುಪ್ಪದ ಕಡೆಯ ಎರೆ ಸೀಮೆಯಲ್ಲಿ, ಹಳ್ಳದ ಮಗ್ಗುಲಿಗೆ ಚಾಚಿಕೊಂಡ ಹುಲ್ಲುಗಾವಲಿಗೆ ಮಾಬುಸಾಬ್ ಹತ್ತೊಂಬತ್ತು ವರ್ಷದಿಂದ ಅರಣ್ಯ ಇಲಾಖೆಯ ದಿನಗೂಲಿ ಕಾವಲುಗಾರ. ಮರವಿಲ್ಲ, ಗುಡ್ಡವಿಲ್ಲ, ಕಾಯುವುದಾದರೂ ಏನನ್ನು ಎಂದು ಊರವರು ನಗುತ್ತಿದ್ದರು. ನಗಲಿ ಬಿಡಿ. ಅಲ್ಲಿ ಎರೆಭೂತವಿತ್ತು, ಸೊಂಟದೆತ್ತರದ, ಗೌಡನ ಗತ್ತಿನಲ್ಲಿ ಹೆಜ್ಜೆ ಹಾಕುವ ಹಕ್ಕಿ. ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬರಿನೆಲದ ಮೇಲೆ. ಅದನ್ನು ಕಂಡ ದಿನ ಮಾಬುಸಾಬನಿಗೆ ಬುತ್ತಿ ಬಿಚ್ಚುವುದೂ ಮರೆತುಹೋಗುತ್ತಿತ್ತು. "ನಿಮ್ಮಪ್ಪಗ ನನಗಿಂತ ಆ ಭೂತಾನ ಚೆಂದ ಕಾಣ್ತೈತಿ" ಎಂದು ಹೆಂಡತಿ ನೂರಜಹಾನ್ ಮಕ್ಕಳ ಮುಂದೆ ಅಣಕಿಸುವಳು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಮೊಟ್ಟೆ ಎಲ್ಲಿದೆ ಎಂದು ಮೊದಲು ಗೊತ್ತಾಗುತ್ತಿದ್ದದ್ದು ಕುರಿಗಾರ ರಾಮಪ್ಪನಿಗೆ. ಕುರುಗೋಡು ಕಡೆಯಿಂದ ಮಂದೆ ಹೊಡೆದುಕೊಂಡು ಬರುತ್ತಿದ್ದ ಆತ, "ಅಲ್ಲಿ ಬಾಣಂತಿ ಅದಾಳ" ಎಂದಷ್ಟೇ ಹೇಳುವನು. ಮಾತು ಬಾಯಿಂದ ಬಾಯಿಗೆ ಹೋಗಿ, ಒಂದು ತಿಂಗಳು ಯಾವ ಮಂದೆಯೂ ಅತ್ತ ಸುಳಿಯುತ್ತಿರಲಿಲ್ಲ. ಬಾಣಂತಿಯ ಜಾಗವನ್ನು ಹೊರಗಿನವರಿಗೆ ತೋರಿಸಬಾರದು ಎಂಬುದು ಕುರಿಗಾರರ ಕಟ್ಟುಪಾಡು. ಮಾಬುಸಾಬ್ ಅದನ್ನು ಮೀರಿರಲಿಲ್ಲ.

ಮೂರು ವರ್ಷದ ಹಿಂದೆ ಬಳ್ಳಾರಿಯಿಂದ ಸಾಹೇಬರ ಜೀಪು ಬಂತು. "ಇದು ಬಂಜರು ಅಂತ ಬರದು ಸೋಲಾರ್ ಹಾಕಾಕ ಹೊಂಟಾರ. ಹಕ್ಕಿ ಐತಿ ಅನ್ನಾಕ ಸಾಕ್ಷಿ ತೋರಸ್ತೀಯೇನು?"

ಅತ್ತ ದರಿ, ಇತ್ತ ಪುಲಿ. ತೋರಿಸಿದರೆ ಕಟ್ಟು ಮುರಿದ ಹಾಗೆ, ಸುಮ್ಮನಿದ್ದರೆ ನೆಲವೇ ಹೋಗುತ್ತದೆ. ಮಾಬುಸಾಬ್ ಅವರನ್ನು ಕರೆದೊಯ್ದು ಮೊಟ್ಟೆ ತೋರಿಸಿದ. ಫೋಟೋ ತೆಗೆದರು, ಸೋಲಾರ್ ನಿಂತಿತು. ಗೆದ್ದೆನೆಂದು ಮನೆಯಲ್ಲಿ ಕುಣಿದಾಡಿದ. ಮರುತಿಂಗಳು ಹಕ್ಕಿಯ ರಕ್ಷಣೆಗೆಂದು ಹುಲ್ಲುಗಾವಲಿನ ಸುತ್ತ ತಂತಿ ಬೇಲಿ ಬಂತು, ಬೇಲಿಗೊಂದು ಗೇಟು, ಗೇಟಿನ ಬೀಗದ ಕೈ ಅವನ ಕೈಗೇ ಬಂತು.

ರಾಮಪ್ಪ ಮಂದೆಯೊಂದಿಗೆ ಬಂದು ನಿಂತ. "ತೆಗಿಲೇ ಮಾಬು, ಕುರಿ ಹಳ್ಳಕ್ಕ ಇಳೀಬೇಕು."

"ಆರ್ಡರ್ ಇಲ್ಲಣ್ಣಾ."

ರಾಮಪ್ಪ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಕುರಿಗಳನ್ನು ತಿರುಗಿಸಿಕೊಂಡು ಹೋದವನು ಮತ್ತೆ ಮಾತಾಡಲಿಲ್ಲ.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎನ್ನುತ್ತಾರಲ್ಲ, ಈ ಬೇಲಿ ತಾನೂ ಮೇಯಲಿಲ್ಲ, ಮೇಯುವವರನ್ನೂ ಬಿಡಲಿಲ್ಲ. ಕುರಿಯ ಬಾಯಿ ತಾಗದ ಹುಲ್ಲು ಎದೆಮಟ್ಟ ಬೆಳೆಯಿತು. ಹಳ್ಳದ ಗುಂಟ ಜಾಲಿ ನುಗ್ಗಿತು. ನರಿ ಎತ್ತಲಿಂದ ಬಂದೀತೆಂದು ಕಣ್ಣು ಹಾಯುವಷ್ಟು ಬಯಲಿದ್ದರೆ ಮಾತ್ರ ಎರೆಭೂತ ಕಾಲಿಡುವುದು. ಎರಡು ವರ್ಷ ಅದು ಬರಲೇ ಇಲ್ಲ. ಒಂದಿಷ್ಟು ಕುರಿಗಳನ್ನು ಒಳಗೆ ಬಿಡಿರೆಂದು ಮಾಬುಸಾಬ್ ಕೈಮುಗಿದು ಬೇಡಿದರೆ, ರೂಲ್ಸ್‌ನಲ್ಲಿ ಇಲ್ಲ ಎಂದರು ಸಾಹೇಬರು. ಹಕ್ಕಿ ಇಲ್ಲವೆಂದು ಹೇಳಿದರೆ ಸೋಲಾರ್ ಬರುತ್ತದೆ. ಇದೆ ಎಂದರೆ ಬೇಲಿ ಇನ್ನಷ್ಟು ಗಟ್ಟಿಯಾಗುತ್ತದೆ. "ಹುಡುಕಾಕತ್ತೀನ್ರೀ" ಎಂದು ತಿಂಗಳು ತಿಂಗಳು ದಾಟಿಸಿದ. ಆ ತಂತಿಯೊಳಗೆ ಸಿಕ್ಕಿಬಿದ್ದಿರುವ ಜೀವ ತಾನೊಬ್ಬನೇ ಎಂದು ಅವನಿಗೆ ಎನ್ನಿಸುತ್ತಿತ್ತು.

ಈ ಮಳೆಗಾಲದ ಒಂದು ಬೆಳಿಗ್ಗೆ ರಾಮಪ್ಪ ಬೇಲಿಯ ಆಚೆ ಬಂದು ನಿಂತು ಬೀಡಿ ಹಚ್ಚಿದ.

"ನಿನ್ನ ಭೂತ ಮೊಟ್ಟಿ ಇಟ್ಟೈತಿ. ನಾವು ಮೇಸೋ ಬೀಳು ಹೊಲದಾಗ."

ಮಾಬುಸಾಬ್ ಎರಡೂ ಕೈಯಲ್ಲಿ ತಂತಿ ಹಿಡಿದುಕೊಂಡ. ಎಲ್ಲಿ ಎಂಬ ಮಾತು ತುಟಿಯ ತನಕ ಬಂದಿತ್ತು.

"ಹೇಳಲೇನು?" ಎಂದ ರಾಮಪ್ಪ. ಮೂರು ವರ್ಷದ ಸಿಟ್ಟು ಆ ದನಿಯಲ್ಲಿ ಇರಲಿಲ್ಲ.

ಸಾಹೇಬರು ಎದುರಿಗೆ ನಿಂತು ಕೇಳಿದರೆ ತನ್ನ ನಾಲಿಗೆ ಸುಳ್ಳಾಡದು. ಅದು ಮಾಬುಸಾಬನಿಗೆ ಚೆನ್ನಾಗಿ ಗೊತ್ತಿತ್ತು. ಕಣ್ಣಲ್ಲಿ ನೀರು ಬಂತು.

"ಬ್ಯಾಡಣ್ಣಾ. ನನಗ ಗೊತ್ತಾದ್ರ ಅಲ್ಲಿಗೂ ಬೇಲಿ ಬರ್ತೈತಿ."

"ಹಂಗಾರ ಇನ್ನ ನೀ ಅದನ್ನ ನೋಡಾಂಗಿಲ್ಲಲೇ."

"ಇಲ್ಲ," ಎಂದ ಮಾಬುಸಾಬ್. "ಮರಿ ಆದ್ರೂ ಹೇಳಬ್ಯಾಡ."