ಕಣ್ಣು ಮುಚ್ಚಿಸಿ ರೈಫಲ್ ಮಾರುವವರು

ನಮ್ಮ ದೊಡ್ಡಪ್ಪನ ರೈಫಲ್ ಅಂಗಡಿಗೆ ಬಂದು "ದೂರದ ಗುರಿಗೆ ಯಾವುದು ಬೆಸ್ಟು?" ಎಂದು ಕೇಳಿದವರ ಕತೆ ಮುಗಿದಂತೆಯೇ. "ಯಾರಿಗೆ?" ಎಂದು ಅವರು ಕನ್ನಡಕದ ಮೇಲಿಂದ ದಿಟ್ಟಿಸುತ್ತಾರೆ. ಬ್ಯಾರಲ್ಲಿನ ಉದ್ದ, ದುರ್ಬೀನಿನ ಕಂಪನಿ ಎಲ್ಲವನ್ನೂ ಬಾಯಿಪಾಠ ಮಾಡಿಕೊಂಡು ಬಂದವರನ್ನೂ ಮೊದಲು ಚಾಪೆಯ ಮೇಲೆ ಬೋರಲು ಮಲಗಿಸುತ್ತಾರೆ; ಸೂಟುಬೂಟಿನವರಿಗೂ ವಿನಾಯಿತಿಯಿಲ್ಲ. ಖಾಲಿ ರೈಫಲನ್ನು ಭುಜಕ್ಕೆ ಆನಿಸಿ, "ಕಣ್ ಮುಚ್ಚಿ. ಉಸಿರು ಬಿಡಿ. ಈಗ ಕಣ್ ತೆಗೀರಿ. ಗೋಡೆ ಮೇಲಿನ ಚುಕ್ಕೆ ನೇರಕ್ಕೆ ಕಾಣ್ತಾ?" ಎನ್ನುತ್ತಾರೆ. ಕಾಣಲೆಂದು ಕತ್ತು ತುಸು ಕೊಂಕಿಸಿದರೂ ಸಾಕು, "ಇದು ನಿಮ್ದಲ್ಲ ಬಿಡಿ" ಎಂದು ಕಸಿದುಕೊಳ್ಳುತ್ತಾರೆ. ಅಂಗಡಿಯ ಅತಿ ದುಬಾರಿ ರೈಫಲನ್ನು ಹೀಗೆ ಎಷ್ಟು ಜನರ ಕೈಯಿಂದ ಕಿತ್ತುಕೊಂಡಿದ್ದಾರೋ, ಅದಿನ್ನೂ ಅಲ್ಲೇ ಕೂತಿದೆ. ಗೋಡೆಯ ಮೇಲೆ ಮಾರಾಟಕ್ಕಿಲ್ಲದ ಹಳೆಯದೊಂದಿದೆ. ಯಾರಾದರೂ ಅದರ ವಿಷಯ ಕೇಳಲಿ ಎಂದೇ ದೊಡ್ಡಪ್ಪ ಕಾದಿರುತ್ತಾರೆ. "ಅದು ನಂದೇ ಆಗಿತ್ತು," ಎಂದು ಗಲ್ಲಾದಲ್ಲಿ ಕೂತ ದೊಡ್ಡಮ್ಮನ ಕಡೆ ಕೈ ತೋರಿಸುತ್ತಾರೆ. "ಒಂದಿನ ಇವಳನ್ನ ಮಲಗಿಸಿ ನೋಡಿದೆ. ಕಣ್ ತೆಗೆದ್ರೆ ಕೂದಲೆಳೆಯಷ್ಟೂ ಆಚೀಚೆ ಇಲ್ಲ! ಕೊಟ್ಬಿಟ್ಟೆ. ಆ ವರ್ಷ ಶೂಟಿಂಗ್ ಸ್ಪರ್ಧೆಯ ಫೈನಲ್‌ನಲ್ಲಿ ಅದರಲ್ಲೇ ಹೊಡೆದು ನನ್ನ ಸೋಲಿಸಿದ್ಲು!" ಹೀಗೆನ್ನುವಾಗ ಅವರ ಎದೆ ಎರಡು ಪಟ್ಟಾಗುತ್ತದೆ. ಆವತ್ತಿನ ಚಿನ್ನದ ಪದಕ ಎಲ್ಲಿದೆಯೋ ದೊಡ್ಡಮ್ಮನಿಗೇ ನೆನಪಿಲ್ಲ. ಆ ರೈಫಲಿನ ಕೆಳಗೆ ತೂಗುವುದು ದೊಡ್ಡಪ್ಪನ ಬೆಳ್ಳಿ ಪದಕ. ದಿನಾ ಬೆಳಿಗ್ಗೆ ಅವರೇ ಒರೆಸಿ ಫಳಫಳ ಹೊಳೆಸುತ್ತಾರೆ. "ಸೋತಿದ್ದನ್ನ ಯಾರಾದ್ರೂ ಹೀಗೆ ನೇತು ಹಾಕ್ತಾರಾ?" ಎಂದು ದೊಡ್ಡಮ್ಮ ಗದರಿದರೆ, "ಮತ್ತೆ? ನಾನು ಆರಿಸಿದ್ದು ಸರಿ ಅನ್ನೋದಕ್ಕೆ ಸಾಕ್ಷಿ ಬೇಡ್ವಾ?" ಎನ್ನುತ್ತಾರೆ.