ಅಕ್ಕು ಕೇಳಿದ ಓಯ್ವು

ಅಕ್ಕುವಿಗೆ ತಮಿಳು ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಕುಂದಾಪುರದಿಂದ ಮಣಲಿಗೆ ಬಂದು, ಕಂಪನಿ ಕ್ಯಾಂಟೀನಿನ ಒಲೆಯ ಮುಂದೆ ಕಲಿತ ತಮಿಳು ಅದು. ಗಂಡ ಕಾರ್ಖಾನೆಯ ವಿಷಗಾಳಿ ಕುಡಿದು ಸತ್ತ ಮೇಲೆ ಈ ಕೆಲಸ, ಕೆಲಸದ ಜೊತೆ ಒಂದು ಕೋಣೆಯ ಕ್ವಾರ್ಟರ್ಸು ಸಿಕ್ಕಿತ್ತು. ಮಗಳು ಸುಗುಣಾ ಪ್ಲಸ್ ಟೂ ಮುಗಿಸುವವರೆಗೆ ಈ ಮನೆ ಉಳಿಯಲಿ ಎನ್ನುವುದೊಂದೇ ಅವಳ ಹಟ. ಅದಕ್ಕೇ ಕೆಮ್ಮು ಬಂದರೂ ಸೆರಗು ಬಾಯಿಗೊತ್ತಿ ಹಿಟ್ಟು ರುಬ್ಬುತ್ತಿದ್ದಳು.

೧೯೯೯ರಲ್ಲಿ, ಪರೀಕ್ಷೆಗೆ ವಾರವಿದೆ ಎನ್ನುವಾಗ, ವೆಲ್ಫೇರ್ ಆಫೀಸರು ಕರೆಸಿದರು. ಕಾರ್ಮಿಕರ ಕ್ಷೇಮ ನೋಡಲೆಂದೇ ಸಂಬಳ ತಿನ್ನುವ ಪುಣ್ಯಾತ್ಮ! ಎಂದೂ ಇಲ್ಲದ್ದು ಅವತ್ತು ಕುರ್ಚಿ ಕೊಟ್ಟು ಕೂರಿಸಿದರು.

"ಎನ್ನಮ್ಮಾ, ಇಪ್ಪಡಿ ಇರುಮುರೀಂಗ! ಓಯ್ವು ವೇಣುಮಾ?"

ಹೀಗೆ ಕೆಮ್ಮುತ್ತೀರಲ್ಲ, ವಿಶ್ರಾಂತಿ ಬೇಕಾ ಎಂದೇ ಅವಳಿಗೆ ಕೇಳಿಸಿತು. ಕ್ಯಾಂಟೀನಿನಲ್ಲಿ ಓಯ್ವು ಎಂದರೆ ಮಧ್ಯಾಹ್ನದ ಊಟ ಬಡಿಸಿಯಾದ ಮೇಲೆ ಕಾಲು ಚಾಚುವ ಅರ್ಧ ಗಂಟೆ. ಆ ಮಾತಿಗೆ ಬೇರೆ ಅರ್ಥವೂ ಉಂಟೆಂದು ಪಾಪ, ಯಾರು ಹೇಳಿಕೊಟ್ಟಿದ್ದರು?

"ವೇಣುಂ ಸಾರ್. ಪತ್ತು ನಾಳ್ ಪೋದುಂ," ಹತ್ತು ದಿನ ಸಾಕು ಎಂದಳು.

ಆಫೀಸರು ನಕ್ಕು ಏನೋ ಬರೆದು, ಕಾಗದ ಮುಂದಿಟ್ಟರು. ಅವಳು ಕನ್ನಡದಲ್ಲಿ ಸಹಿ ಹಾಕಿದಳು.

ಸಂಜೆ ಪ್ರತಿಯನ್ನು ಮಗಳ ಕೈಗೆ ಕೊಟ್ಟಳು. "ಹೆಣೇ, ಹತ್ತ್ ದಿನ ರಜೆ ಸಿಕ್ತ್ ಕಾಣ್. ಓದ್ ಕಾಂಬ."

ಸುಗುಣಾ ಓದಿ ಎದ್ದು ನಿಂತಳು. "ಅಮ್ಮಾ, ಇದು ವಿರುಪ್ಪ ಓಯ್ವು! ನೀಯಾ ವೇಲೈಯೆ ವಿಟ್ಟುಟ್ಟೆ!"

ಸ್ವಂತ ಇಚ್ಛೆಯ ನಿವೃತ್ತಿ. ಅವಳಾಗಿಯೇ ಕೆಲಸ ಬಿಟ್ಟಿದ್ದಳು. ಹತ್ತು ದಿನವೆಂದು ಅದರಲ್ಲೂ ಇತ್ತು, ಮನೆ ಖಾಲಿ ಮಾಡಲು.

ಬೆಳಿಗ್ಗೆ ಅಕ್ಕು ಮಗಳನ್ನು ಕರೆದುಕೊಂಡು ಹೋಗಿ ಆಫೀಸರ ಕಾಲಿಗೆ ಬಿದ್ದಳು. ಅಯ್ಯೋ, ಆ ಮನುಷ್ಯ ಕಾಲು ಹಿಂದಕ್ಕೆಳೆದುಕೊಳ್ಳಲೂ ಇಲ್ಲ! ನೀನೇ ತಾನೇ ಕೇಳಿದ್ದು ಎಂದರು. ಆಮೇಲೆ ಸುಗುಣಾಳನ್ನು ನೋಡಿ, ಹದಿನೆಂಟು ತುಂಬಿದೆಯಾ ಎಂದು ವಿಚಾರಿಸಿದರು. ಕಾಂಟ್ರಾಕ್ಟರ ಕೈಕೆಳಗೆ ಕ್ಯಾಂಟೀನಿಗೆ ಸೇರಿದರೆ ಮನೆಯಲ್ಲೇ ಇರಬಹುದು, ಸೋಮವಾರದಿಂದಲೇ ಬರಬೇಕು. ಪರೀಕ್ಷೆ ಶುರುವಾಗುವುದೂ ಸೋಮವಾರವೇ.

"ಬ್ಯಾಡ ಹೆಣೇ! ಬೀದಿಯಗೇ ಇಪ್ಪ, ನೀ ಪರೀಕ್ಷಿ ಬರಿ!" ಎಂದು ಕಿರುಚಿದ ಅಕ್ಕು ಕೆಮ್ಮುತ್ತಾ ಅಲ್ಲೇ ಕುಸಿದಳು. ಸೆರಗಿನಲ್ಲಿ ರಕ್ತವಿತ್ತು. ಸುಗುಣಾ ಅದನ್ನು ನೋಡಿದಳು. ಕೆಲಸಕ್ಕೆ ಸೇರುವ ಕಾಗದ ಕೇಳಿ ತೆಗೆದುಕೊಂಡು, ಒಂದು ಸಾಲೂ ಬಿಡದೆ ಓದಿ ಸಹಿ ಹಾಕಿದಳು.

ಸೋಮವಾರ ಆಫೀಸರಿಗೆ ಇಡ್ಲಿ ಬಡಿಸಿದ್ದು ಅವಳೇ. ಚಟ್ನಿಗೆ ಉಪ್ಪು ಕಮ್ಮಿಯಾಯಿತು, ಅಮ್ಮನನ್ನು ಕೇಳಿ ಕಲಿತುಕೋ ಎಂದರು.