ಕರಿ ಹೇಂಟೆ ಮೊದಲು ಕೂಗಿದ ದಿನ

ಹೇಂಟೆ ಹುಂಜದ ಹಾಗೆ ಕೂಗಿತು, ಅದಕ್ಕೇ ಅಕ್ಕನ ಸಂಬಂಧ ಮುರಿಯಿತು. ನಮ್ಮ ಮನೆಯಲ್ಲಿ ಈಗ ಎಲ್ಲರೂ ಹೇಳುವುದು ಇದನ್ನೇ. ಪೆರೇಸಂದ್ರದ ಬಸ್ ಸ್ಟಾಪಿನಲ್ಲಿ ನಿಂತವರು ನನಗೇ ಇದನ್ನು ವಿವರಿಸುತ್ತಾರೆ, ನಾನೇನೋ ಬೇರೆ ಮನೆಯವಳು ಎನ್ನುವ ಹಾಗೆ. ಕೋಳಿ ಕೂಗಿದರೆ ಮದುವೆ ಹೇಗೆ ಮುರಿಯುತ್ತದೆ ಎಂಬ ಪ್ರಶ್ನೆ ಬಿಡಿ. ಅವರ ನಂಬಿಕೆಯನ್ನು ಹಾಗೇ ಒಪ್ಪಿಕೊಂಡರೂ ದಿನಗಳು ಹೊಂದುವುದಿಲ್ಲ. ಚಿಂತಾಮಣಿಯ ಗಂಡಿನವರು ಬೇಡವೆಂದು ಫೋನ್ ಮಾಡಿದ್ದು ಸೋಮವಾರ. ಹೇಂಟೆ ಕೂಗಿದ್ದು ಗುರುವಾರ.

ಹಿತ್ತಲಿನ ಕೋಳಿಗಳು ಅತ್ತೆಯವು. ಅತ್ತೆ ಅಂದರೆ ಅಪ್ಪನ ತಂಗಿ. ಗಂಡ ತೀರಿಕೊಂಡ ಮೇಲೆ ನಮ್ಮಲ್ಲೇ ಇದ್ದಾಳೆ. ಈ ಮನೆಯಲ್ಲಿ ಅವಳದು ಅನ್ನುವುದಕ್ಕೆ ಇದ್ದದ್ದು ಅವಷ್ಟೇ: ಒಂಬತ್ತು ಹೇಂಟೆ, ಒಂದು ಹುಂಜ. ಗಂಡಿನವರು ಮಾತುಕತೆಗೆ ಬಂದ ದಿನ ದೊಡ್ಡಪ್ಪ ಅವಳನ್ನು ಒಂದು ಮಾತೂ ಕೇಳದೆ ಹುಂಜವನ್ನು ಕೊಯ್ಸಿದರು. ಬಂದವರು ಸಾರು ಮುದ್ದೆ ಉಂಡು, ತಿಂಗಳು ಕಾಯಿಸಿ, ಬೇಡ ಅಂದರು. ಹುಡುಗಿ ಬಹಳ ಪ್ರಶ್ನೆ ಕೇಳುತ್ತಾಳಂತೆ. ಅಕ್ಕ ಕೇಳಿದ್ದು ಒಂದೇ: ಮದುವೆಯಾದ ಮೇಲೆ ಕೆಲಸ ಬಿಡಬೇಕಾ?

ಮೂರು ದಿನ ದೊಡ್ಡಪ್ಪ ಅವಳನ್ನು ಬಿಡಲಿಲ್ಲ. "ಬಾಯಿ ಮುಚ್ಕೊಂಡು ಕೂತಿದ್ರೆ ಇಷ್ಟೊತ್ತಿಗೆ ಲಗ್ನ ಇಡಿಸ್ತಿದ್ವಿ ಕಣೇ." ಅಕ್ಕ ತಟ್ಟೆ ಸರಿಸಿ ಏಳುತ್ತಿದ್ದಳು.

ಹಿತ್ತಲಲ್ಲಿ ಅಷ್ಟು ಹೊತ್ತಿಗೆ ಕರಿ ಹೇಂಟೆ ಬದಲಾಗಿತ್ತು. ಒಂದು ರೆಕ್ಕೆ ಇಳಿಬಿಟ್ಟುಕೊಂಡು ಉಳಿದವನ್ನು ಸುತ್ತುತ್ತಿತ್ತು, ಮೇಲೆ ಹತ್ತುತ್ತಿತ್ತು, ಕಾಳು ಸಿಕ್ಕರೆ ತಾನು ತಿನ್ನದೆ ಎಲ್ಲವನ್ನೂ ಕರೆಯುತ್ತಿತ್ತು. ಗುರುವಾರ ಬೆಳಗ್ಗೆ ಅತ್ತೆ ಬಂದು ನನ್ನ ಹೊದಿಕೆ ಎಳೆದಳು.

"ಏಯ್, ಎದ್ದೇಳೇ! ನಮ್ ಕರೀದು ಕೂಗ್ತಾ ಐತೆ! ಹುಂಜ ಇಲ್ದಿದ್ರೆ ನಾನಿಲ್ವಾ ಅಂತಾ ಐತೆ. ಇವತ್ತೇ ಮೊದಲು ಕಣೇ!" ಬಾಯಿಗೆ ಸೆರಗು ಅಡ್ಡ ಹಿಡಿದು ನಗುತ್ತಿದ್ದಳು. ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿದ್ದೇ ಕಡಿಮೆ.

ಮಧ್ಯಾಹ್ನಕ್ಕೆ ದೊಡ್ಡಪ್ಪ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿಕೊಂಡರು. "ಈ ದರಿದ್ರದಿಂದ್ಲೇ ಸಂಬಂಧ ಹೋಗಿದ್ದು. ಇನ್ನೊಬ್ರು ಬರೋಕೆ ಮೊದಲು ಇದನ್ನ ಸಾಗಹಾಕ್ಬೇಕು."

ನಾನು ಎದ್ದು ನಿಂತೆ. "ದೊಡ್ಡಪ್ಪ, ಹುಂಜ ಇಲ್ದಿರೋ ಗುಂಪಲ್ಲಿ ಜೋರಿರೋ ಹ್ಯಾಟೆ ಹಿಂಗೆ ಆಡುತ್ತೆ. ಕೆಲವು ಸಲ ಒಳಗೆ ಮೊಟ್ಟೆ ಕಟ್ಟೋ ಭಾಗ ಕೆಟ್ಟರೂ ಆಡುತ್ತೆ. ಹುಂಜ ಕೊಯ್ಸಿದ್ದು ಯಾರು? ನೀವು. ಅಲ್ದೆ, ಸೋಮವಾರದ ಫೋನಿಗೆ ಗುರುವಾರದ ಕೂಗು ಹೆಂಗೆ ಕಾರಣ ಆಗುತ್ತೆ?"

"ಚಿಕ್ಕಬಳ್ಳಾಪುರದಲ್ಲಿ ಡಿಬೇಟು ಗೆದ್ದು ಕಪ್ ತಗೊಂಡ್ಬಂದೆ, ಸಂತೋಷ. ಅದನ್ನ ಶೋಕೇಸಲ್ಲಿಡಮ್ಮ. ಒಂದು ಮನೇಲಿ ಎರಡು ಹ್ಯಾಟೆ ಕೂಗೋದು ಬೇಡ."

ಅಪ್ಪನೂ ನಕ್ಕರು. ಆ ನಗುವನ್ನು ನಾನಿನ್ನೂ ಕ್ಷಮಿಸಿಲ್ಲ.

ಆಮೇಲೆ ದೊಡ್ಡಪ್ಪ ಅತ್ತೆಯ ಕಡೆ ತಿರುಗಿದರು. "ಬೆಳಗ್ಗೆ ಗೂಡು ತೆಗೆಯೋಳು ನೀನು. ನೀನೇ ಹೇಳು, ಯಾವಾಗಿಂದ ಕೂಗ್ತಾ ಐತೆ?"

ನಾನು ಗೆದ್ದೆ ಅಂದುಕೊಂಡೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಎಲ್ಲಿ ಸಿಗುತ್ತದೆ? ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಕ್ಕನನ್ನು ಒಮ್ಮೆ ನೋಡಿದಳು.

"ಶನಿವಾರವೇ ಕೂಗಿತ್ತು ಅಣ್ಣ. ಹೇಳೋಕೆ ಭಯ ಆಯ್ತು."

ಅಪಶಕುನದ ಕೋಳಿಯನ್ನು ಮನೆಯಲ್ಲಿ ತಿನ್ನಬಾರದಂತೆ. ದೊಡ್ಡಪ್ಪ ಅದನ್ನು ಬ್ಯಾಗಿಗೆ ತುಂಬಿ ಹೆದ್ದಾರಿ ಪಕ್ಕದ ಡಾಬಾಕ್ಕೆ ಕೊಟ್ಟು ಬಂದರು. ಅಲ್ಲಿ ಅದನ್ನು ತಿಂದ ಲಾರಿ ಡ್ರೈವರಿಗೆ ಏನೂ ತಟ್ಟುವುದಿಲ್ಲ, ನಮಗೆ ಮಾತ್ರ ತಟ್ಟುತ್ತದೆ. ಎಂಥ ವಾದ! ಅವತ್ತು ರಾತ್ರಿ ಅಕ್ಕನಿಗೆ ಯಾರೂ ಏನೂ ಅನ್ನಲಿಲ್ಲ. ಆಮೇಲೂ ಅಂದಿಲ್ಲ.

ಮಾರನೆಯ ದಿನ ಅತ್ತೆ ಉಳಿದ ಎಂಟಕ್ಕೆ ರಾಗಿ ಚೆಲ್ಲುತ್ತಿದ್ದಳು. ನಾನು ಅವಳ ಎದುರಿಗೇ ಹೋಗಿ ನಿಂತೆ. ಅವಳು ತಲೆ ಎತ್ತಲಿಲ್ಲ.

"ಅತ್ತೆ, ಅಕ್ಕನ್ನ ಉಳಿಸೋಕೆ ನೀನು ನಿನ್ನ ಕೋಳಿನೇ ಕೊಟ್ಟೆ. ನಾನು ಅಲ್ಲೇ ನಿಂತು ನಿಜ ಹೇಳ್ತಾ ಇದ್ನಲ್ಲ, ಅದು ಸಾಲ್ತಿರಲಿಲ್ವಾ?"